ಬಟ್ಟೆ ಮಗುಚಿ ನೋಡಿ

ಕಸೂತಿ ಬಲ್ಲವರ ಕೈಗೆ ಒಂದು ಇಳಕಲ್ ಸೀರೆ ಕೊಟ್ಟರೆ ಅವರು ಮೊದಲು ಸೆರಗು ಮಗುಚುತ್ತಾರೆ. ಮೇಲಿನ ತೇರು, ಅಂಬಾರಿ ಹೊತ್ತ ಆನೆ, ತುಳಸಿಕಟ್ಟೆ ನೋಡಿ ಹೊಗಳುವುದೆಲ್ಲ ಆಮೇಲಿನ ಮಾತು. ಹಿಂದೆ ಎಲ್ಲಾದರೂ ಗಂಟು ಕೂತಿದೆಯೇ, ದಾರ ಅಡ್ಡ ಹಾಯ್ದಿದೆಯೇ, ಮುಂದಿನ ಗೆರೆ ಹಿಂದೆಯೂ ಹಾಗೇ ಬಂದಿದೆಯೇ? ಇಷ್ಟು ನೋಡಿಯೇ ಅವರು ಬಾಯಿ ತೆರೆಯುವುದು. ಯಾವುದು ಮುಂದು, ಯಾವುದು ಹಿಂದು ಎಂದು ಹೇಳಲಾಗದಿದ್ದರೆ ಕೆಲಸ ಪಾಸಾದಂತೆ.

ತಮಾಷೆಯೆಂದರೆ, ಹೀಗೆ ಪೂರ್ತಿ ಅಂಕ ಪಡೆದ ಸೀರೆಯಿಂದ ಕಲಿಯುವ ಹುಡುಗಿಗೆ ಸಿಗುವುದು ಬಹಳ ಕಡಿಮೆ. ಸೂಜಿ ಎಲ್ಲಿ ಶುರುವಾಯಿತು, ಎಲ್ಲಿ ತಿರುಗಿತು, ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂಬುದೆಲ್ಲ ಅದರಲ್ಲಿ ಅಳಿಸಿಹೋಗಿರುತ್ತದೆ. ಅದೇ ಹೋದ ವರ್ಷದ ತರಗತಿಯ ಹುಡುಗಿ ಹೊಲಿದು ಅರ್ಧಕ್ಕೆ ಬಿಟ್ಟ ಮ್ಯಾಟಿ ಬಟ್ಟೆಯ ತುಂಡಿನಲ್ಲಿ ಅದೆಲ್ಲ ಕಣ್ಣಿಗೆ ಕಾಣುವಂತೆ ಉಳಿದಿರುತ್ತದೆ. ಧಾರವಾಡ, ಹುಬ್ಬಳ್ಳಿ ಸೀಮೆಯ ಕಸೂತಿ ತರಗತಿಗಳಲ್ಲಿ ಕಪಾಟಿನ ಮೂಲೆಯಲ್ಲಿ ಬಿದ್ದಿರುವ ಹಳೆಯ ಸ್ಯಾಂಪಲ್ ಫೈಲುಗಳ ಬೆಲೆ ಇರುವುದು ಅಲ್ಲೇ.

ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಏನನ್ನೂ ಬರೆದುಕೊಳ್ಳುವುದಿಲ್ಲ. ಪೆನ್ಸಿಲ್ಲಿಲ್ಲ, ಕಾರ್ಬನ್ ಹಾಳೆಯಿಲ್ಲ, ಅಚ್ಚೂ ಇಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿ ಸೂಜಿ ಚುಚ್ಚುತ್ತ ಹೋಗುವುದು, ಅಷ್ಟೇ. ನಾಲ್ಕು ಎಳೆಯ ಮೇಲೆ ಹಾಯ್ದರೆ ಮುಂದಿನ ನಾಲ್ಕು ಎಳೆಯ ಕೆಳಗೆ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಹೀಗೆ ಎಣಿಸಿ ಹೊಲಿದವರ ಕಣ್ಣಿಗೆ ಕೈಮುಗಿಯಬೇಕು. ಕಲಿಯುವವರಿಗೆ ಅಷ್ಟು ಕಷ್ಟ ಕೊಡುವುದಿಲ್ಲ. ಎಳೆಗಳು ಚೌಕ ಚೌಕವಾಗಿ ಬಿಡಿಬಿಡಿಯಾಗಿ ಕಾಣುವ ಮ್ಯಾಟಿ ಬಟ್ಟೆ, ಮೊನೆ ಮೊಂಡಾದ ಸೂಜಿ, ಲಚ್ಚಿಯ ಆರೆಳೆಯಲ್ಲಿ ಬಿಡಿಸಿಕೊಂಡ ಒಂದೋ ಎರಡೋ ಎಳೆ ದಾರ, ಇಷ್ಟರಲ್ಲಿ ಪಾಠ ಶುರು.

ಹೊಲಿಗೆ ನಾಲ್ಕು ಬಗೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಮೆಂತಿ ಎಂದರೆ ಗುಣಾಕಾರದ ಗುರುತಿನ ಹೊಲಿಗೆ. ದಾರ ಹೆಚ್ಚು ತಿನ್ನುತ್ತದೆ, ತುಂಬು ಬಣ್ಣ ಕೊಡುತ್ತದೆ. ನೇಗಿ ನೇಯ್ದಂತೆಯೇ ಕಾಣುತ್ತದೆ. ಈ ಎರಡರ ಹಿಂಬದಿ ಮುಂದಿನಂತೆ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಸೆರಗು ಮಗುಚಿಸುವ ಹೊಲಿಗೆಗಳು ಗವಂತಿ ಮತ್ತು ಮುರ್ಗಿ. ಗವಂತಿ ನೇರ ಗೆರೆ ಹಿಡಿಯುತ್ತದೆ, ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎರಡರ ಗುಟ್ಟೂ ಒಂದೇ. ಒಂದು ಹೊಲಿಗೆಯ ಜಾಗಕ್ಕೆ ಒಂದು ಮನೆ ಎನ್ನೋಣ. ಹೋಗುವಾಗ ಒಂದು ಬಿಟ್ಟು ಒಂದು ಮನೆ ತುಂಬಬೇಕು, ಬರುವಾಗ ಬಿಟ್ಟ ಮನೆಗಳನ್ನು ತುಂಬಬೇಕು. ಹೋಗುವಾಗ ಮುಂದೆ ಖಾಲಿ ಉಳಿದದ್ದು ಹಿಂದೆ ತುಂಬಿರುತ್ತದೆ; ಬರುವಾಗ ಅದು ತಿರುವುಮುರುವಾಗುತ್ತದೆ. ಹೊರಟ ಜಾಗಕ್ಕೆ ಬಂದು ಮುಟ್ಟುವ ಹೊತ್ತಿಗೆ ಎರಡೂ ಬದಿ ಗೆರೆ ಪೂರ್ತಿ.

ನೇರ ಗೆರೆಗೆ ಇಷ್ಟು ಸಾಕು. ಆದರೆ ಗೋಪುರದ ಚಿತ್ತಾರ ನೇರ ಗೆರೆಯಲ್ಲವಲ್ಲ! ನಡುವೆ ಒಂದು ಕಂಬ, ಅದರಿಂದ ಎಡಕ್ಕೂ ಬಲಕ್ಕೂ ಹೊರಡುವ ಕವಲು, ಕವಲಿನ ತುದಿಗೆ ಕಳಶ, ಕಳಶದ ಪಕ್ಕ ಇನ್ನೊಂದು ಚೂರು. ಹೋಗುತ್ತ ಹೋಗುತ್ತ ಕವಲನ್ನು ಬಿಟ್ಟು ಮುಂದೆ ನಡೆಯಬೇಕೋ, ಒಳಗೆ ಹೋಗಿ ಬರಬೇಕೋ? ಕಲಿಯುವವಳ ಕೈ ನಿಲ್ಲುವುದು ಇಲ್ಲಿ. ಗ್ರಾಫ್ ಹಾಳೆಯಲ್ಲಿ ಬರೆದ ನಮೂನೆ ಇದಕ್ಕೆ ಉತ್ತರ ಹೇಳುವುದಿಲ್ಲ. ಅದು ಗೋಪುರ ಹೇಗಿದೆ ಎಂದು ತೋರಿಸುತ್ತದೆ, ಹೇಗೆ ಎದ್ದಿತು ಎಂದಲ್ಲ. ಮೊಬೈಲಿನಲ್ಲಿ ತೆಗೆದ ಫೋಟೋದ್ದೂ ಅದೇ ಕಥೆ.

ಒಂದು ತರಗತಿಯ ಫೈಲಿನಲ್ಲಿ ಇರುವ ಅರೆಬರೆ ಗೋಪುರವೊಂದನ್ನು ಇಲ್ಲಿ ವರ್ಣಿಸಬೇಕು. ಬಿಳಿ ಮ್ಯಾಟಿ, ಕೆಂಪು ದಾರ. ಹೊಲಿದ ಹುಡುಗಿ ತುದಿ ಮುಟ್ಟಿ, ಹಿಂದಿರುಗುವ ಮೊದಲೇ ಬಿಟ್ಟುಬಿಟ್ಟಿದ್ದಾಳೆ. ಸೂಜಿ ತೆಗೆದ ದಾರದ ತುದಿ ಈಗಲೂ ಜೋಲುತ್ತಿದೆ. ಕಂಬ ತುಂಡು ತುಂಡು: ಒಂದು ಮನೆ ಕೆಂಪು, ಒಂದು ಮನೆ ಖಾಲಿ. ಕವಲುಗಳು ಮಾತ್ರ ಒಂದೂ ಬಿಡದೆ ಪೂರ್ತಿಯಾಗಿವೆ. ಮಗುಚಿದರೆ ಹಿಂದೆಯೂ ಹಾಗೆಯೇ, ಕವಲು ಪೂರ್ತಿ, ಕಂಬ ತುಂಡು; ಮುಂದೆ ಖಾಲಿಯಿದ್ದ ಮನೆಯಲ್ಲಿ ಹಿಂದೆ ಕೆಂಪು. ಅರೆಕ್ಷಣ ನೋಡಿದರೂ ಸೂಜಿಯ ಹಾದಿ ಬಿಡಿಸಿಟ್ಟಂತೆ ತಿಳಿಯುತ್ತದೆ. ದಾರಿಯಲ್ಲಿ ಸಿಕ್ಕ ಓಣಿಗೆಲ್ಲ ಹೊಕ್ಕು, ಕೊನೆಯ ಮನೆಯತನಕ ಹೋಗಿ, ಮತ್ತೆ ಹೆದ್ದಾರಿಗೆ ಬಂದೇ ಮುಂದೆ ನಡೆದಿದ್ದಾಳೆ. ಹೆದ್ದಾರಿಯ ಬಾಕಿ ಕೆಲಸ ಮರಳುವ ಪಯಣಕ್ಕೆ.

ಇದು ಯಾಕೆ ಕೈಕೊಡುವುದಿಲ್ಲ ಎಂಬುದು ಇನ್ನೂ ಸೊಗಸು. ಕವಲಿಗೆ ಮೂರು ಹೊಲಿಗೆ ಇದ್ದರೆ ಹೋಗಲು ಮೂರು, ಬರಲು ಮೂರು, ಒಟ್ಟು ಆರು. ನಾಲ್ಕಿದ್ದರೆ ಎಂಟು. ಎಷ್ಟೇ ಇರಲಿ, ಹೋಗಿಬಂದರೆ ಸರಿಸಂಖ್ಯೆಯೇ. ಹೊಲಿಗೆ ಒಂದು ಮೇಲೆ, ಒಂದು ಕೆಳಗೆ ಬೀಳುವುದರಿಂದ, ಸರಿಸಂಖ್ಯೆ ಮುಗಿಸಿ ಕಂಬಕ್ಕೆ ಬಂದ ಸೂಜಿ ಹೊರಟಾಗ ಯಾವ ಬದಿಗೆ ಇತ್ತೋ ಅದೇ ಬದಿಗೆ ಇರುತ್ತದೆ. ಕಂಬದ ಲೆಕ್ಕ ಒಂದಿಷ್ಟೂ ಕದಡುವುದಿಲ್ಲ. ಕವಲಿನ ಒಳಗೆ ಮರಿಕವಲು ಇದ್ದರೂ ಇದೇ ನಿಯಮ, ಆ ಮರಿಗೆ ಇನ್ನೊಂದು ಮರಿ ಇದ್ದರೂ ಇದೇ. ಹಾಗಾಗಿ ಒಂದಕ್ಕೊಂದು ಕೂಡಿಕೊಂಡಿರುವ ಗೆರೆಗಳ ಚಿತ್ತಾರ ಎಷ್ಟೇ ತೊಡಕಿನದಿರಲಿ, ಎರಡೂ ಬದಿ ಒಂದೇ ಥರ ಹೊಲಿಯಲು ಸಾಧ್ಯ. ಇದನ್ನು ಕಾಗದದ ಮೇಲೆ ಸಾಧಿಸಿ ತೋರಿಸಲು ಗಣಿತದ ಮೇಷ್ಟ್ರು ಬೇಕಾದೀತು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರು ಅದನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದರು.

ಮುಗಿಯದ ತುಂಡು ಹಾದಿ ತೋರಿಸುತ್ತದೆ. ಕೆಟ್ಟ ತುಂಡು ಹಳ್ಳ ಎಲ್ಲಿದೆ ಎಂದು ತೋರಿಸುತ್ತದೆ. ಅದೇ ಫೈಲಿನಲ್ಲಿ ಚೌಕಗಳ ಒಂದು ಸಾಲಿದೆ. ಮೊದಲ ಚೌಕದ ಎರಡು ಬದಿ ದಪ್ಪ, ಎರಡು ಬದಿ ಖಾಲಿ. ಹೊಸ ಹುಡುಗಿಯೊಬ್ಬಳು ಅದನ್ನು ಹಿಡಿದು ಕಲಿಸುವ ಅಕ್ಕೋರನ್ನು ಕೇಳುತ್ತಾಳೆ: “ಅಕ್ಕೋರ, ಇದು ಹಿಂಗ್ಯಾಕ ಆಗೇತ್ರಿ?”

“ಎಣಿಸಿ ನೋಡವಾ. ಸುತ್ತ ಬಂದಾಳ, ಮತ್ತ ಅದ ದಾರಿ ಹಿಡದು ಹೊಂಟಾಳ. ಬಂದ ದಾರಿಲೇ ತಿರಗಬೇಕಾಗಿತ್ತು.”

ಹೌದು. ಚೌಕಕ್ಕೆ ನಾಲ್ಕು ಹೊಲಿಗೆ. ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಸುತ್ತಿ ಶುರುವಿನ ತೂತಿಗೆ ಬಂದರೆ ಮುಂದಿನ ಹೊಲಿಗೆ ಮತ್ತೆ ಮೇಲೆಯೇ ಬೀಳಬೇಕು. ಅದೇ ದಿಕ್ಕಿಗೆ ಹೊರಟರೆ ಮೊದಲು ತುಂಬಿದ ಮನೆಯ ಮೇಲೇ ಇನ್ನೊಂದು ಹೊಲಿಗೆ ಕೂರುತ್ತದೆ. ಖಾಲಿ ಮನೆ ಖಾಲಿಯೇ ಉಳಿಯುತ್ತದೆ. ಹಿಂದಿರುಗಿ ಉಲ್ಟಾ ಸುತ್ತಿದರೆ ಎಲ್ಲ ಸರಿಹೋಗುತ್ತದೆ. ಮೂರು ಹೊಲಿಗೆಯ ತ್ರಿಕೋನದಲ್ಲಾದರೆ ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹೋದರೂ ನಡೆಯುತ್ತದೆ, ಮೂರು ಬೆಸಸಂಖ್ಯೆ ನೋಡಿ. ತ್ರಿಕೋನದಲ್ಲಿ ಪಾರಾದ ಹುಡುಗಿ ಚೌಕದಲ್ಲಿ ಸಿಕ್ಕಿಬೀಳುವುದು ಹೀಗೆ. ಹತ್ತು ಸಲ ಬಾಯಲ್ಲಿ ಹೇಳಿದರೂ ತಲೆಗೆ ಹೋಗದ ಈ ಮಾತು ಎರಡು ಬದಿ ದಪ್ಪಗಾದ ಆ ಚೌಕ ನೋಡಿದೊಡನೆ ತಲೆಗೆ ಹೋಗುತ್ತದೆ.

ಇನ್ನು ಕೆಲವು ತಪ್ಪು ಹಿಂಬದಿಯಲ್ಲೇ ಹುಡುಕಬೇಕು. ಕವಲೊಂದನ್ನು ಹೋಗುವಾಗಲೂ ಮರೆತು ಬರುವಾಗಲೂ ಮರೆತವಳು ಕೊನೆಗೆ ದಾರವನ್ನು ಹಿಂದಿನಿಂದ ಎಳೆದೊಯ್ದು ಅಲ್ಲಿಗೆ ಮುಟ್ಟಿಸಿರುತ್ತಾಳೆ. ಮುಂದೆ ಏನೂ ಗೊತ್ತಾಗದು. ಮಗುಚಿದರೆ ನವಿಲಿನ ಹೊಟ್ಟೆಗೆ ಅಡ್ಡಲಾಗಿ ಒಂದು ದಾರ ಹಾಯ್ದಿರುತ್ತದೆ. ಒಂದೇ ಒಂದು ಎಳೆ ಎಣಿಕೆ ತಪ್ಪಿದರೆ ಗೋಪುರದ ಎಡಮಗ್ಗುಲು ಬಲಮಗ್ಗುಲಿಗೆ ಕೂಡುವುದೇ ಇಲ್ಲ. ಎಲ್ಲಿ ತಪ್ಪಿತೆಂದು ಪತ್ತೆ ಮಾಡುವುದು ಒಳ್ಳೆಯ ಕಸರತ್ತು: ಕೂಡದ ಜಾಗದಿಂದ ಹಿಂದಕ್ಕೆ ಎಣಿಸುತ್ತ ಬಂದರೆ ಯಾವುದೋ ಒಂದು ಹೊಲಿಗೆ ನಾಲ್ಕರ ಬದಲು ಐದು ಎಳೆ ನುಂಗಿರುತ್ತದೆ.

ತೀರ ಸೂಕ್ಷ್ಮವಾದದ್ದು ಗೆರೆಯ ನಡುಕ. ಎಣಿಕೆ ಸರಿ, ಹಾದಿ ಸರಿ, ಆದರೂ ಗೆರೆ ಸೊಟ್ಟ. ಕಾರಣ ತೂತಿನಲ್ಲಿ ಇದೆ. ಬರುವ ಹೊಲಿಗೆ ಹೋದ ಹೊಲಿಗೆಯ ತೂತನ್ನೇ ಹಂಚಿಕೊಳ್ಳುತ್ತದಲ್ಲ, ಸೂಜಿ ಹಳೆಯ ದಾರದ ಯಾವ ಮಗ್ಗುಲಿಗೆ ಏಳುತ್ತದೆ, ಯಾವ ಮಗ್ಗುಲಿಗೆ ಇಳಿಯುತ್ತದೆ ಎಂಬುದು ಗೆರೆಯ ಉದ್ದಕ್ಕೂ ಒಂದೇ ಆಗಿರಬೇಕು. ಒಮ್ಮೆ ಆಚೆ, ಒಮ್ಮೆ ಈಚೆ ಎದ್ದರೆ ಗೆರೆ ಅಲುಗಾಡುತ್ತದೆ. ಹಳೆ ದಾರವನ್ನೇ ಸೀಳಿಕೊಂಡು ಎದ್ದರೆ ಇನ್ನೂ ಕೆಟ್ಟದ್ದು. ಎರಡು ಫೈಲಿನ ಎರಡು ತುಂಡು ಅಕ್ಕಪಕ್ಕ ಇಟ್ಟು ತೋರಿಸದೆ ಇದನ್ನು ಕಲಿಸುವುದು ಕಷ್ಟ. ಅಕ್ಕೋರ ಸ್ವಂತ ಕೈಯ ಗೆರೆಯಲ್ಲಿ ಆ ತಪ್ಪು ಬರುವುದೇ ಇಲ್ಲವಾದ್ದರಿಂದ ಅವರಿಗೂ ಹಳೆ ವಿದ್ಯಾರ್ಥಿನಿಯರ ಸಹಾಯ ಬೇಕು.

ಫೈಲು ಮಾಡುವ ರೀತಿಯ ಬಗ್ಗೆ ನನ್ನದೊಂದು ತಕರಾರಿದೆ. ಬಹಳ ಕಡೆ ಸ್ಯಾಂಪಲ್ಲಿನ ನಾಲ್ಕೂ ಅಂಚಿಗೆ ಅಂಟು ಹಚ್ಚಿ ಡ್ರಾಯಿಂಗ್ ಶೀಟಿಗೆ ಒತ್ತಿಬಿಡುತ್ತಾರೆ. ಸುತ್ತ ಸ್ಕೆಚ್ ಪೆನ್ನಿನ ಚೌಕಟ್ಟು, ಕೆಳಗೆ ದುಂಡಾದ ಅಕ್ಷರದಲ್ಲಿ ಹೆಸರು. ನೋಡಲು ಚೆಂದ, ಆದರೆ ಹಿಂಬದಿ ಶಾಶ್ವತವಾಗಿ ಕಣ್ಣಿಗೆ ಮರೆ. ಕಸೂತಿಯ ಮಟ್ಟಿಗೆ ಅದು ಪುಸ್ತಕದ ಅರ್ಧ ಹಾಳೆ ಅಂಟಿಸಿಟ್ಟ ಹಾಗೇ. ತಿಳಿದ ಅಕ್ಕೋರು ಮೇಲಿನ ಅಂಚಿಗೆ ಮಾತ್ರ ಎರಡು ಹೊಲಿಗೆ ಹಾಕಿಸಿ ಬಟ್ಟೆಯನ್ನು ಎತ್ತಿ ನೋಡುವಂತೆ ಬಿಡಿಸುತ್ತಾರೆ.

ಎರಡೂ ಬದಿ ಒಂದೇ ಥರ ಕಾಣುವ ಇದೇ ಹೊಲಿಗೆ ಯುರೋಪಿನಲ್ಲೂ ಇತ್ತು, ಸ್ಯಾಂಪಲ್ ಇಟ್ಟುಕೊಳ್ಳುವ ರೂಢಿಯೂ ಇತ್ತು. ಎಂಟನೇ ಹೆನ್ರಿಯ ಆಸ್ಥಾನದ ಚಿತ್ರಕಾರ ಹಾನ್ಸ್ ಹೋಲ್ಬೈನ್ ತನ್ನ ಭಾವಚಿತ್ರಗಳಲ್ಲಿ ಕಾಲರು, ತೋಳಿನ ಅಂಚುಗಳ ಕಸೂತಿಯನ್ನು ಎಷ್ಟು ಕರಾರುವಾಕ್ಕಾಗಿ ಬರೆದನೆಂದರೆ ಅಲ್ಲಿನವರು ಈ ಹೊಲಿಗೆಯನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ 1520ರ ದಶಕದಲ್ಲಿ ನಮೂನೆಗಳ ಪುಸ್ತಕ ಅಚ್ಚಾಯಿತು. ಆದರೆ ಅಂಥ ಪುಸ್ತಕ ಎಲ್ಲರ ಮನೆಗೆ ಬರುವುದಾದರೂ ಹೇಗೆ? ಹೆಂಗಸರು ಕಂಡ ಹೊಲಿಗೆಯನ್ನೆಲ್ಲ ಒಂದು ಪಟ್ಟಿ ಬಟ್ಟೆಯ ಮೇಲೆ ಹೊಲಿದು, ಸುತ್ತಿಟ್ಟು, ಬೇಕಾದಾಗ ಬಿಚ್ಚಿ ನೋಡುತ್ತಿದ್ದರು. ಜೇನ್ ಬೋಸ್ಟಾಕ್ ಎಂಬಾಕೆ 1598ರಲ್ಲಿ ಇಸವಿ ಹಾಕಿ ಹೊಲಿದ ಅಂಥ ತುಂಡು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಇಂಗ್ಲೆಂಡಿನಲ್ಲಿ ಇಸವಿಯಿರುವ ಸ್ಯಾಂಪಲ್ಲುಗಳಲ್ಲಿ ಅದಕ್ಕಿಂತ ಹಳೆಯದು ಸಿಕ್ಕಿಲ್ಲ. ನಮ್ಮ ಕಡೆ ಹುಡುಗಿಯರು ಬಟ್ಟೆಗೆ ಇಸವಿ ಹಾಕುವ ರೂಢಿ ಇರಲಿಲ್ಲ. ಹಳೆ ಸೀರೆ ಹರಿದ ಮೇಲೆ ಸೆರಗಿನ ತುಂಡು ಕತ್ತರಿಸಿ ಇಟ್ಟುಕೊಂಡರೆ ಅದೇ ಸ್ಯಾಂಪಲ್ಲು.

ಹಳೆಯವರ ಕೆಲಸ ನೋಡಿ ಕಲಿಯುವುದರಲ್ಲಿ ಅಪಾಯ ಇಲ್ಲವೆಂದಲ್ಲ. ಒಬ್ಬಳು ಗಿಳಿಯ ಕೊಕ್ಕಿನಲ್ಲಿ ಒಂದು ಮನೆ ತಪ್ಪಿದರೆ, ಮುಂದಿನ ವರ್ಷದವಳು ಎಣಿಸದೆ ಅದನ್ನೇ ಎತ್ತಿಕೊಂಡರೆ, ಮೂರು ಬ್ಯಾಚು ಕಳೆಯುವಷ್ಟರಲ್ಲಿ ಅದೇ ಆ ತರಗತಿಯ ಗಿಳಿ. ಹಾಗೆ ಹುಟ್ಟಿದ ಗಿಳಿ ಒಮ್ಮೊಮ್ಮೆ ಮೂಲದ್ದಕ್ಕಿಂತ ಚೆಂದ ಇರುವುದೂ ಉಂಟು, ಒಪ್ಪಿಕೊಳ್ಳೋಣ. ಆದರೂ ಒಂದೇ ಫೈಲು ನೋಡುವುದಕ್ಕಿಂತ ಮೂರು ನಾಲ್ಕು ಫೈಲಿನ ಒಂದೇ ಚಿತ್ತಾರ ಹರಡಿಕೊಂಡು ನೋಡುವುದು ಮೇಲು. ಎಲ್ಲರೂ ಒಂದೇ ಕಡೆ ತಿರುಗಿದ್ದರೆ ಅಲ್ಲಿ ತಿರುಗಲೇಬೇಕು. ಒಬ್ಬೊಬ್ಬರು ಒಂದೊಂದು ಕಡೆ ತಿರುಗಿದ್ದರೆ ಅಲ್ಲಿ ನಮಗೂ ಸ್ವಾತಂತ್ರ್ಯ ಇದೆ ಎಂದರ್ಥ. ತೇರಿನಂಥ ದೊಡ್ಡ ಚಿತ್ತಾರದಲ್ಲಿ ಕೆಲವರು ಅಡಿಯಿಂದ ಏರುತ್ತಾರೆ, ಕೆಲವರು ಚಕ್ರ ಮೊದಲು ಮುಗಿಸುತ್ತಾರೆ. ದಾರ ಎಲ್ಲಿ ಮುಗಿದು ಹೊಸದು ಎಲ್ಲಿ ಸೇರಿತು ಎಂದು ನೋಡಿದರೆ ಯಾರ ಹಾದಿ ಜಾಣತನದ್ದು ತಿಳಿಯುತ್ತದೆ. ಗಂಟು ಹಾಕುವಂತಿಲ್ಲ, ಹಳೆ ತುದಿಯನ್ನು ಹೊಲಿದ ಗೆರೆಯೊಳಗೇ ಹುದುಗಿಸಬೇಕು. ಗೆರೆ ಹೆಚ್ಚು ಕೂಡುವ ಜಾಗದಲ್ಲಿ ದಾರ ಮುಗಿಯುವಂತೆ ನೋಡಿಕೊಂಡವಳಿಗೆ ಹುದುಗಿಸುವುದು ಸಲೀಸು.

ಈಗ ಪರೀಕ್ಷೆಯ ವಿಚಾರ. ಅಂಕ ಸಿಗುವುದು ಅಚ್ಚುಕಟ್ಟಿಗೆ. ಹಾಗಾಗಿ ತಪ್ಪಿದ್ದನ್ನೆಲ್ಲ ಹುಡುಗಿಯರು ಬಿಚ್ಚಿ, ಬಟ್ಟೆಗೆ ಇಸ್ತ್ರಿ ಹಾಕಿ, ಮತ್ತೆ ಹೊಲಿದು ಕೊಡುತ್ತಾರೆ. ಅರ್ಧಕ್ಕೆ ನಿಂತದ್ದು ಕಸದ ಬುಟ್ಟಿಗೆ. ಪರೀಕ್ಷಕರಿಗೆ ಅದು ಸರಿಯಾದ ಏರ್ಪಾಡೇ, ಅವರ ಮೇಲೆ ತಪ್ಪು ಹೊರಿಸಲಾರೆ. ಆದರೆ ಮುಂದಿನ ವರ್ಷ ಬರುವವಳಿಗೆ ಇದರಿಂದ ನಷ್ಟ. ಕೆಲವು ಅಕ್ಕೋರು ಇದಕ್ಕೆ ಕಂಡುಕೊಂಡ ಉಪಾಯ ಸರಳ: ಪ್ರತಿ ಚಿತ್ತಾರಕ್ಕೂ ಎರಡು ತುಂಡು ಹೊಲಿಸುತ್ತಾರೆ. ಪೂರ್ತಿಯಾದದ್ದು ಪರೀಕ್ಷೆಗೆ. ಎರಡನೆಯದನ್ನು ತುದಿ ಮುಟ್ಟಿದ ಕೂಡಲೇ ನಿಲ್ಲಿಸಬೇಕು, ಶುರುವಿನ ತೂತಿಗೆ ಬೇರೆ ಬಣ್ಣದ ದಾರದ ಚೂರು ಕಟ್ಟಬೇಕು, ಎಷ್ಟು ಎಳೆಗೆ ಒಂದು ಹೊಲಿಗೆ ಎಂದು ಪಕ್ಕದಲ್ಲಿ ಬರೆಯಬೇಕು. ಹುಡುಗಿಯರು ಗೊಣಗುತ್ತಾರೆ, ನಿಜ. ಮುಗಿಸದೆ ಬಿಡಿ ಎಂದರೆ ಕೆಲವರಿಗೆ ಕೈ ತಡೆಯುವುದಿಲ್ಲ, ಅಕ್ಕೋರು ಅತ್ತ ತಿರುಗುವಷ್ಟರಲ್ಲಿ ಮರಳಿ ಬಂದೇಬಿಟ್ಟಿರುತ್ತಾರೆ. ಅವರಿಗೆ ಮೂರನೆಯ ತುಂಡು.