ಹಳೆಯ ಒಡನಾಡಿಗಳ ಒಂದು ಸಹಭೋಜನ

ಒಂದೇ ಮುದ್ರಣಾಲಯದಲ್ಲಿ ವರುಷಗಟ್ಟಲೆ ದುಡಿದವರು ವೃದ್ಧಾಪ್ಯದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಒಂದು ಭಾಗ್ಯವೇ ಸರಿ. ಕಳೆದ ಹುತ್ತರಿಯ ತರುವಾಯ ಮಡಿಕೇರಿಯ ಸ್ನೇಹಿತರೊಬ್ಬರ ಮನೆಯಲ್ಲಿ ಈ ಭಾಗ್ಯವು ನಮಗೆ ಲಭಿಸಿತು. ನೆರೆದವರು ಒಂಬತ್ತು ಮಂದಿ. ಎಲ್ಲರೂ ವೃತ್ತಪತ್ರಿಕೆಯ ಕೆಲಸದಿಂದ ನಿವೃತ್ತರಾದವರು. ಕಡಂಬುಟ್ಟು, ಪಂದಿಕರಿ, ಶಾಕಾಹಾರಿಗಳಿಗೆ ನೂಪುಟ್ಟು, ಕುಂಬಳದ ಕರಿ. ಎಲ್ಲಕ್ಕೂ ಮೇಲೆ ಮಾತು.

ಕೊಡಗು ಚಿಕ್ಕ ಸೀಮೆಯಾದರೂ ಪತ್ರಿಕೆಗಳ ಮಟ್ಟಿಗೆ ಬಡ ಸೀಮೆಯಲ್ಲ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗರು ಮುಂದೆ ಈ ನಾಡಿಗೂ ಬಂದು ನೆಲಸಿದರು. ಪಂದ್ಯಂಡ ಬೆಳ್ಯಪ್ಪನವರು 1921ರಲ್ಲಿ ‘ಕೊಡಗು’ ಪತ್ರಿಕೆಯನ್ನು ಆರಂಭಿಸಿದರು. 1956ರಲ್ಲಿ ಈ ಸೀಮೆಯು ಮೈಸೂರು ರಾಜ್ಯದಲ್ಲಿ ಸೇರಿದ ಮರುವರುಷವೇ ಬಿ. ಎಸ್. ಗೋಪಾಲಕೃಷ್ಣರ ‘ಶಕ್ತಿ’ಯು ಮಡಿಕೇರಿಯಲ್ಲಿ ಹುಟ್ಟಿತು.

ಗಣಕಯಂತ್ರದ ಮುಂದೆ ಕುಳಿತಿರುವ ಈಗಿನವರಿಗೆ ಅಂದಿನ ಶ್ರಮವು ಸುಲಭವಾಗಿ ತಿಳಿಯದು. ಅಕ್ಷರ, ಕಾಗುಣಿತ, ಒತ್ತುಗಳೆಂದು ಕನ್ನಡಕ್ಕೆ ನೂರಾರು ಬಗೆಯ ಮೊಳೆಗಳು. ಒಂದೊಂದನ್ನೂ ಗೂಡಿನಿಂದ ಆರಿಸಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಜೋಡಿಸಿ, ಅಚ್ಚಾದ ಮೇಲೆ ಮತ್ತೆ ಅದರದರ ಗೂಡಿಗೆ ಹಾಕಬೇಕು. ಮಳೆಗಾಲದಲ್ಲಿ ಕಾಗದವು ತೇವವನ್ನು ಹೀರುವುದು. ವಿದ್ಯುತ್ತು ಹೋದರೆ ಲಾಂದ್ರವೇ ಗತಿ.

ಅಂಥದೊಂದು ರಾತ್ರಿಯ ನೆನಪು ನಮ್ಮನ್ನು ಬಹುಕಾಲ ಬಾಧಿಸಿತ್ತು. 1982ರ ಕಕ್ಕಡ ಮಾಸದಲ್ಲಿ ದೂರವಾಣಿಯ ಮೂಲಕ ಒಂದು ಮರಣವಾರ್ತೆ ಬಂದಿತು. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುವುದು. ಒಂದೇ ಹೆಸರಿನವರನ್ನು ಗುರುತಿಸುವುದು ಅದರಿಂದಲೇ. ಮಳೆಯ ಸದ್ದಿನಲ್ಲಿ ನಾವು ಒಂದು ಮನೆತನವನ್ನು ಮತ್ತೊಂದಾಗಿ ಕೇಳಿ ಬರೆದುಕೊಂಡೆವು, ತಿರುಗಿ ಕೇಳಲಿಲ್ಲ. ಬೆಳಗಾಗುತ್ತಲೇ, ಬದುಕಿದ್ದ ಹಿರಿಯರೊಬ್ಬರ ಅಂಗಳದಲ್ಲಿ ನೆಂಟರು ಕೊಡೆ ಹಿಡಿದು ನೆರೆದರು. ಅವರೇನೋ ನಕ್ಕು ಕಳುಹಿಸಿದರು. ಆದರೆ ನಿಜವಾಗಿ ತೀರಿಕೊಂಡವರ ಮನೆಗೆ ಬರಬೇಕಾದವರು ಬರಲಿಲ್ಲ. ತಿದ್ದುಪಡಿಯು ಮರುದಿನ ಅಚ್ಚಾಗುವಷ್ಟರಲ್ಲಿ ಅಂತ್ಯಕ್ರಿಯೆಯು ಮುಗಿದುಹೋಗಿತ್ತು. ಬರೆದ ಚೀಟಿಯು ಹುಡುಕಿದರೂ ಸಿಗದ ಕಾರಣ, ದೋಷವು ಮೊಳೆ ಜೋಡಿಸಿದವರ ಮೇಲೆ ಬಿದ್ದಿತು. ಅವರ ಮೂರು ದಿನದ ಸಂಬಳವನ್ನು ಹಿಡಿದರು. ಹೊಸದಾಗಿ ಸೇರಿದ್ದ ನಾವು ಬಾಯಿ ಬಿಡಲಿಲ್ಲ.

ಅವರೇ ಈ ದಿನ ನಮ್ಮ ಎಡಗಡೆಯಲ್ಲಿ ಕುಳಿತಿದ್ದರು. ಪಾಯಸ ಬಡಿಸುವ ಹೊತ್ತಿಗೆ, ತಪ್ಪು ನಮ್ಮದೆಂದು ತಲೆತಗ್ಗಿಸಿ ಒಪ್ಪಿಕೊಂಡೆವು.

“ನನಗೆ ಅಂದೇ ಗೊತ್ತಿತ್ತು” ಎಂದರು ಅವರು. “ಚೀಟಿ ನನ್ನ ಜೇಬಿನಲ್ಲಿಯೇ ಇತ್ತು. ತೋರಿಸಿದ್ದರೆ ನಿಮ್ಮ ಕೆಲಸ ಹೋಗುತ್ತಿತ್ತು. ನನಗೆ ಹೋದದ್ದು ಮೂರು ದಿನದ ಸಂಬಳ ಮಾತ್ರ. ಆದರೆ ಆ ಸಾವಿನ ಮನೆಗೆ ನೀವು ಒಂದು ಸಲ ಹೋಗಬೇಕಾಗಿತ್ತು. ನಾಲ್ಕು ಜನ ಬರಲಿಲ್ಲವೆಂದು ಅವರು ಬಹಳ ನೊಂದರು.”

ಮರುದಿನ ಅವರನ್ನೇ ಜೊತೆಗೆ ಕರೆದುಕೊಂಡು ಆ ಮನೆಗೆ ಹೋದೆವು. ತೀರಿಕೊಂಡವರ ಮಗನೂ ಈಗ ವೃದ್ಧರು. ನಾವು ಹೇಳಿದುದನ್ನೆಲ್ಲ ಮೌನವಾಗಿ ಕೇಳಿ, ಕಡೆಯಲ್ಲಿ ಒಳಗೆ ಹೇಳಿ ಕಾಫಿಯನ್ನು ತರಿಸಿದರು.

ತಪ್ಪಿಗೆ ತಿದ್ದುಪಡಿಯನ್ನು ಪತ್ರಿಕೆಯಲ್ಲಿ ಅಚ್ಚುಹಾಕಿದರೆ ಸಾಲದು. ನೊಂದವರ ಮನೆಯ ಮೆಟ್ಟಿಲನ್ನೂ ಹತ್ತಬೇಕೆಂಬುದನ್ನು, ನಿವೃತ್ತರಾದ ಮೇಲೆ ನಾವು ಕಲಿತೆವು.