ಉಳಿದ ಉಂಡೆಗಳ ಹೊದಿಕೆ

ಸ್ವೆಟರ್ ಹೆಣೆಯುವವರ ಮನೆಯಲ್ಲಿ ಉಲ್ಲನ್ ಯಾವತ್ತೂ ಲೆಕ್ಕಕ್ಕೆ ಸರಿಯಾಗಿ ಮುಗಿಯುವುದಿಲ್ಲ. ಅಂಗಡಿಯವರು ಉಂಡೆಯನ್ನು ಅರ್ಧ ಮಾಡಿ ಕೊಡುವುದಿಲ್ಲ. ಅದೂ ಅಲ್ಲದೆ, ಒಂದೇ ನಂಬರಿನ ನೀಲಿಯಾದರೂ ಬೇರೆ ಬೇರೆ ಸಲ ಬಣ್ಣಕ್ಕೆ ಅದ್ದಿದ ನೂಲಿನಲ್ಲಿ ತುಸು ವ್ಯತ್ಯಾಸ ಇದ್ದೇ ಇರುತ್ತದೆ. ತೋಳು ಹೆಣೆಯುವ ಹೊತ್ತಿಗೆ ಉಲ್ಲನ್ ಸಾಲದೆ, ಮತ್ತೆ ತಂದ ಉಂಡೆ ಬೆನ್ನಿನ ಬಣ್ಣಕ್ಕೆ ಹೊಂದದೆ ಹೋದರೆ ಇಡೀ ಶ್ರಮ ವ್ಯರ್ಥ. ಅದಕ್ಕೇ ಅನುಭವಸ್ಥರು ಮೊದಲೇ ಒಂದು ಉಂಡೆ ಹೆಚ್ಚಿಗೆ ತಂದಿಟ್ಟುಕೊಳ್ಳುತ್ತಾರೆ. ಹೀಗೆ ಮಗುವಿನ ಕುಲಾವಿಯಿಂದ ಉಳಿದ ಹಳದಿ, ಮಫ್ಲರಿನಿಂದ ಉಳಿದ ಮರೂನ್, ಯಾರದೋ ಸ್ವೆಟರಿನ ಬೂದು ಎಲ್ಲವೂ ಒಂದು ಚೀಲ ಸೇರಿ ಬೀರುವಿನ ತಳದಲ್ಲಿ ವರ್ಷಗಟ್ಟಲೆ ಕೂರುತ್ತವೆ. ಒಂದರಲ್ಲೂ ಒಂದು ಜೊತೆ ಕಾಲುಚೀಲ ಆಗುವಷ್ಟು ನೂಲಿಲ್ಲ, ಎಸೆಯಲು ಯಾರಿಗೂ ಮನಸ್ಸಿಲ್ಲ.

ಇಂಥ ಚೀಲವನ್ನು ಬರಿದು ಮಾಡಲು ಕ್ರೋಶಾ ಹೊದಿಕೆಗಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ನಿಟ್ಟಿಂಗಿಗೆ ಎರಡು ಕಡ್ಡಿ ಬೇಕು. ಹೆಣೆದ ಸಾಲಿನ ಅಷ್ಟೂ ಕುಣಿಕೆಗಳು ಕಡ್ಡಿಯ ಮೇಲೆ ತೆರೆದೇ ಇರುತ್ತವೆ, ಕಡ್ಡಿ ಜಾರಿದರೆ ಅಷ್ಟೂ ಬಿಚ್ಚಿಕೊಳ್ಳುವ ಭಯ. ಕ್ರೋಶಾಕ್ಕೆ ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿ, ಅದರ ಮೇಲೆ ತೆರೆದಿರುವುದು ಸಾಮಾನ್ಯವಾಗಿ ಒಂದೇ ಕುಣಿಕೆ. ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಎಲ್ಲಿ ಬೇಕಾದರೂ ಬಣ್ಣ ಬದಲಿಸಬಹುದು, ನಾಲ್ಕು ದಿಕ್ಕಿಗೂ ಬೆಳೆಸಬಹುದು. ನಿಟ್ಟಿಂಗಿಗೆ ಯಂತ್ರಗಳು ಬಂದು ಬಹಳ ಕಾಲವಾಯಿತು. ಕ್ರೋಶಾವನ್ನು ಮಾತ್ರ ಕಾರ್ಖಾನೆಗಳು ಇನ್ನೂ ಕೈಯಿಂದಲೇ ಮಾಡಿಸುತ್ತವೆ. ಅಂಗಡಿಯಲ್ಲಿ ತೀರಾ ಅಗ್ಗಕ್ಕೆ ಸಿಗುವ ಕ್ರೋಶಾ ಉಡುಪಿನ ಹಿಂದೆಯೂ ಯಾರದೋ ಬೆರಳುಗಳಿವೆ, ಅವರ ಕೂಲಿ ಎಷ್ಟಿದ್ದೀತು ಎಂದು ಬೆಲೆಚೀಟಿ ನೋಡಿದವರು ಯೋಚಿಸಬೇಕು.

ಉಳಿದ ನೂಲಿಗೆ ಹೇಳಿ ಮಾಡಿಸಿದ ವಿನ್ಯಾಸ ಎಂದರೆ ಗ್ರ್ಯಾನಿ ಸ್ಕ್ವೇರ್ ಎಂದು ಹೆಸರಾದ ಚೌಕ. ನಾಲ್ಕು ಚೈನ್ ಹಾಕಿ ಉಂಗುರ ಮಾಡುವುದು. ಆ ಉಂಗುರದೊಳಗೆ ಮೂರು ಮೂರು ಕಂಬಗಳ ನಾಲ್ಕು ಗುಂಪು ಕೂರಿಸಿ, ಗುಂಪುಗಳ ನಡುವೆ ಮೂಲೆಗೆಂದು ಎರಡು ಚೈನ್ ಬಿಡುವುದು. ಮುಂದಿನ ಸುತ್ತುಗಳಲ್ಲಿ ಪ್ರತಿ ಮೂಲೆಯಲ್ಲೂ ಎರಡೆರಡು ಗುಂಪು, ಅಂಚಿನ ಪ್ರತಿ ಸಂದಿನಲ್ಲಿ ಒಂದು ಗುಂಪು. ಇಷ್ಟೇ ಪಾಠ. ಕಂಬ ಎಂದೆನಲ್ಲ, ಆ ಉದ್ದನೆಯ ಹೆಣಿಗೆಯನ್ನು ಬ್ರಿಟಿಷ್ ಪುಸ್ತಕಗಳು ಟ್ರೆಬಲ್ ಎನ್ನುತ್ತವೆ, ಅಮೆರಿಕದವು ಡಬಲ್ ಎನ್ನುತ್ತವೆ. ಪುಸ್ತಕ ಯಾವ ದೇಶದ್ದು ಎಂದು ನೋಡದೆ ಹೊರಟರೆ ಚೌಕ ಗಿಡ್ಡವಾಗಿಯೋ ಸಡಿಲವಾಗಿಯೋ ಬರುತ್ತದೆ.

ಈ ಚೌಕದ ಜಾಣತನ ಇರುವುದು ಅದರ ಲೆಕ್ಕದಲ್ಲಿ. ಮೊದಲ ಸುತ್ತಿಗೆ ನಾಲ್ಕು ಗುಂಪು, ಎರಡನೆಯದಕ್ಕೆ ಎಂಟು, ಆಮೇಲೆ ಹನ್ನೆರಡು, ಹದಿನಾರು, ಇಪ್ಪತ್ತು. ಐದು ಸುತ್ತಿನ ಚೌಕದಲ್ಲಿ ಒಟ್ಟು ಅರವತ್ತು ಗುಂಪು. ನಡುವಿನ ಮೊದಲ ಸುತ್ತು ಅದರಲ್ಲಿ ಹದಿನೈದನೇ ಒಂದು ಪಾಲು, ಕೊನೆಯ ಸುತ್ತು ಮೂರನೇ ಒಂದು ಪಾಲು. ಎಂದರೆ ಒಂದೆರಡು ಮಾರು ಮಾತ್ರ ಉಳಿದಿರುವ ಕಡುಗೆಂಪಿಗೂ ಈ ಹೊದಿಕೆಯಲ್ಲಿ ಜಾಗವುಂಟು, ಅದೂ ಚೌಕದ ನಟ್ಟನಡುವೆ. ಹೆಚ್ಚು ಉಳಿದ ಬಣ್ಣಗಳು ಹೊರಸುತ್ತಿಗೆ. ಎಲ್ಲ ಚೌಕಗಳ ಕೊನೆಯ ಸುತ್ತಿಗೂ ಒಂದೇ ಬಣ್ಣ ಹಾಕಿದರೆ ಎಷ್ಟೇ ಕಚ್ಚಾಡುವ ಬಣ್ಣಗಳಾದರೂ ಒಂದು ಚೌಕಟ್ಟಿನೊಳಗೆ ಬಂದುಬಿಡುತ್ತವೆ. ಕಪ್ಪು ಹಾಕಿದರೆ ಒಳಗಿನ ಬಣ್ಣಗಳು ಹೊಳೆಯುತ್ತವೆ, ಕೆನೆಬಿಳಿ ಹಾಕಿದರೆ ಅವು ಮೆದುವಾಗುತ್ತವೆ. ನನ್ನ ಓಟು ಕೆನೆಬಿಳಿಗೆ. ಆದರೆ ನೂಲಿನ ಮೂರನೇ ಒಂದು ಭಾಗವನ್ನು ಬೇಡುವ ಆ ಬಣ್ಣ ಯಾರ ಚೀಲದಲ್ಲೂ ಅಷ್ಟಿರುವುದಿಲ್ಲ, ಕೊಂಡೇ ತರಬೇಕು. ಉಳಿಕೆಯ ಹೊದಿಕೆಗೆ ಕಾಸು ಖರ್ಚೇ ಇಲ್ಲ ಎಂದು ಹೇಳುವವರು ಪೂರ್ತಿ ಹೊದಿಕೆ ಮಾಡಿ ಮುಗಿಸಿದವರಲ್ಲ.

ಹಾಸಿಗೆಯ ತುಂಬ ಹರಡುವ 60 ಇಂಚು ಅಗಲ, 80 ಇಂಚು ಉದ್ದದ ಹೊದಿಕೆಗೆ ಐದಿಂಚಿನ ಚೌಕಗಳು 192 ಬೇಕು. ಒಂದೊಂದರಲ್ಲೂ ಮೂರು ಬಣ್ಣವಿದ್ದರೆ ಒಂದೊಂದಕ್ಕೂ ಆರು ಎಳೆತುದಿ. ಒಟ್ಟು 1,152 ತುದಿಗಳನ್ನು ಮೊಂಡುಮೂಗಿನ ಸೂಜಿಯಿಂದ ಒಳಗೆ ಹಾಯಿಸಿ ಬಚ್ಚಿಡಬೇಕು. ಎಷ್ಟೋ ಹೊದಿಕೆಗಳು ಅರ್ಧಕ್ಕೆ ನಿಲ್ಲುವುದು ಇಲ್ಲೇ. ಚೌಕ ಮುಗಿದ ಕೂಡಲೇ ಅದರ ತುದಿಗಳನ್ನು ಮುಗಿಸುವವರ ಹೊದಿಕೆ ಪೂರ್ತಿಯಾಗುತ್ತದೆ, ಆಮೇಲೆ ನೋಡೋಣ ಎನ್ನುವವರದ್ದು ಮತ್ತೆ ಚೀಲ ಸೇರುತ್ತದೆ. ತುದಿಯನ್ನು ಕನಿಷ್ಠ ಒಂದು ಗೇಣಾದರೂ ಬಿಟ್ಟು ಕತ್ತರಿಸಿ, ಒಂದು ದಿಕ್ಕಿಗೆ ಹಾಯಿಸಿ ಮತ್ತೆ ಎದುರು ದಿಕ್ಕಿಗೆ ತಿರುಗಿಸಿದರೆ ಒಗೆತಕ್ಕೆ ಹೊರಬರುವುದಿಲ್ಲ. ಜೋಡಿಸುವ ಮೊದಲು ಚೌಕಗಳನ್ನೆಲ್ಲ ನೆಲದ ಮೇಲೆ ಹರಡಿ ಮೊಬೈಲಿನಲ್ಲಿ ಕಪ್ಪುಬಿಳುಪಿನ ಒಂದು ಫೋಟೊ ತೆಗೆಯಿರಿ. ಗಾಢ ಬಣ್ಣದವು ಎಲ್ಲಿ ಗುಂಪುಗೂಡಿವೆ ಎಂಬುದು ತಕ್ಷಣ ಕಾಣುತ್ತದೆ.

ಉಳಿದ ಉಲ್ಲನ್‌ನಲ್ಲಿ ಇಂಥ ಚೌಕ ಮಾಡುವ ಸಲಹೆ 1885ರಲ್ಲೇ ಅಮೆರಿಕದ ರೈತರ ಪತ್ರಿಕೆ ‘ಪ್ರೇರಿ ಫಾರ್ಮರ್’ನಲ್ಲಿ ಅಚ್ಚಾಗಿತ್ತು. ಅದಕ್ಕೂ ಮೊದಲು, 1840ರ ದಶಕದ ಕೊನೆಯಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಕ್ಷಾಮ ಬಂದಾಗ ಸನ್ಯಾಸಿನಿಯರ ಮಠಗಳೂ ದಾನಿಗಳೂ ಬಡ ಹೆಂಗಸರಿಗೆ ಕ್ರೋಶಾ ಲೇಸ್ ಕಲಿಸಿ ಅನ್ನದ ದಾರಿ ತೋರಿಸಿದ್ದರು. ನಮ್ಮ ನೆರೆಯ ಆಂಧ್ರದ ನರಸಾಪುರಕ್ಕೆ ಲೇಸ್ ಬಂದದ್ದೂ 19ನೇ ಶತಮಾನದ ಮಿಷನರಿಗಳಿಂದಲೇ. ಎರಡನೇ ಮಹಾಯುದ್ಧದ ಕಾಲಕ್ಕೆ ಬ್ರಿಟನ್ನಿನಲ್ಲಿ 1941ರಿಂದ ಬಟ್ಟೆ, ಉಲ್ಲನ್ ಎರಡೂ ಕೂಪನ್ನಿಗೆ ಬಿದ್ದವು. ಅಲ್ಲಿ ಹಳೆಯ ಸ್ವೆಟರ್ ಬಿಚ್ಚಿ, ನೂಲನ್ನು ಲಡಿ ಮಾಡಿ, ತೊಳೆದು, ಭಾರ ಕಟ್ಟಿ ಒಣಗಿಸಿ ಸುಕ್ಕು ಬಿಡಿಸಿ ಮತ್ತೆ ಹೆಣೆಯುವುದು ಮನೆಮನೆಯ ಕೆಲಸವಾಯಿತು. ಮಕ್ಕಳಿಗೆ ಚಿಕ್ಕದಾದ ಸ್ವೆಟರನ್ನು ಬಿಚ್ಚಿ ಹೊಸದು ಹಾಕುವುದು ನಮ್ಮ ಹಿಂದಿನ ತಲೆಮಾರಿನ ಹೆಂಗಸರಿಗೂ ಹೊಸ ವಿಷಯವೇನಲ್ಲ.

ಆದರೂ ಒಂದು ಮನೆಯ ಉಳಿಕೆ ಒಂದು ಹೊದಿಕೆಗೆ ಸಾಲುವುದಿಲ್ಲ. ಅಕ್ಕಪಕ್ಕದವರನ್ನು ಕೇಳಬೇಕು, ತಂಗಿಯ ಮನೆಯಿಂದ ತರಿಸಬೇಕು. ಈ ಕೊರತೆಯಿಂದಲೇ ಈ ಕಲೆ ಹಲವರನ್ನು ಒಂದೆಡೆ ಕೂಡಿಸುವ ಕೆಲಸವಾಗಿದೆ ಎಂಬುದು ನನ್ನ ನಂಬಿಕೆ. ದಕ್ಷಿಣ ಆಫ್ರಿಕಾವನ್ನು ನೋಡಿ. ಅಲ್ಲಿ ಏಡ್ಸ್‌ನಿಂದ ಅನಾಥರಾದ ಮಕ್ಕಳಿಗಾಗಿ ‘ನಿಟ್ ಎ ಸ್ಕ್ವೇರ್’ ಎಂಬ ಸಂಸ್ಥೆ ಜಗತ್ತಿನೆಲ್ಲೆಡೆಯಿಂದ ಎಂಟಿಂಚಿನ ಚೌಕಗಳನ್ನು ಅಂಚೆಯಲ್ಲಿ ತರಿಸಿಕೊಂಡಿದೆ. 35 ಚೌಕ ಸೇರಿದರೆ ಒಂದು ಮಗುವಿಗೆ ಒಂದು ಹೊದಿಕೆ. ಅದೇ ದೇಶದಲ್ಲಿ ಕ್ಯಾರೊಲಿನ್ ಸ್ಟೇನ್ ಎಂಬವರು ನೆಲ್ಸನ್ ಮಂಡೇಲಾ ದಿನಕ್ಕಾಗಿ 67 ಹೊದಿಕೆ ಮಾಡುವ ಸವಾಲು ಹಿಡಿದರು. ಮಂಡೇಲಾ ಸಾರ್ವಜನಿಕ ಜೀವನದಲ್ಲಿ ದುಡಿದ 67 ವರ್ಷಗಳಿಗೆ ವರ್ಷಕ್ಕೊಂದರಂತೆ ಆ ಲೆಕ್ಕ. ಒಬ್ಬರಿಂದ ಆಗದೆಂದು ಊರವರನ್ನು ಕರೆದರು, ಅದು ದೇಶದ ಚಳವಳಿಯೇ ಆಗಿ 2015ರಲ್ಲಿ ಪ್ರಿಟೋರಿಯಾದಲ್ಲಿ ಹಾಸಿದ ಹೊದಿಕೆ ಗಿನ್ನೆಸ್ ಪುಸ್ತಕ ಸೇರಿತು. ಆ ದಾಖಲೆಯನ್ನು ಮುರಿದವರು ನಮ್ಮವರೇ. ಸುಭಶ್ರೀ ನಟರಾಜನ್ ಅವರ ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಬಳಗ 2016ರ ಜನವರಿಯಲ್ಲಿ ಚೆನ್ನೈನಲ್ಲಿ ಹಾಸಿದ ಹೊದಿಕೆಯ ಅಳತೆ 11,148.5 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಸುಮಾರು ಎರಡೂಮುಕ್ಕಾಲು ಎಕರೆ.

ಕರ್ನಾಟಕಕ್ಕೆ ಚೂರುಗಳನ್ನು ಕೂಡಿಸಿ ಹೊದೆಯುವುದು ಯಾರೂ ಕಲಿಸಿಕೊಡಬೇಕಾದ ವಿದ್ಯೆಯಲ್ಲ. ಉತ್ತರ ಕರ್ನಾಟಕದ ಕೌದಿ ಹಳೆ ಸೀರೆ, ಧೋತರದ ತುಂಡುಗಳಿಂದಲೇ ಹುಟ್ಟುತ್ತದೆ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳು ಬಣ್ಣ ಜೋಡಿಸುವ ಧೈರ್ಯಕ್ಕೆ ಹೊರದೇಶಗಳಲ್ಲೂ ಹೆಸರಾಗಿವೆ. ಕ್ರೋಶಾ ಕಡ್ಡಿ ಹಿಡಿದ ಕೈಗಳಿಗೂ ನಮ್ಮಲ್ಲಿ ಬರವಿಲ್ಲ. ಸೀರೆಗೆ ಕುಚ್ಚು ಹಾಕುವುದನ್ನು ಮನೆಯಲ್ಲೇ ಕೂತು ಸಂಪಾದನೆಯ ದಾರಿ ಮಾಡಿಕೊಂಡವರು ಊರೂರಲ್ಲಿದ್ದಾರೆ. ರೇಷ್ಮೆ ದಾರದಲ್ಲಿ ಸಣ್ಣ ಕಡ್ಡಿಯಿಂದ ಮಣಿ ಪೋಣಿಸುತ್ತಾ ಚೈನ್, ಕಂಬ ಹಾಕುವವರಿಗೆ ದಪ್ಪ ಉಲ್ಲನ್, ನಾಲ್ಕು ಮಿಲಿಮೀಟರಿನ ಕಡ್ಡಿ ಒಂದು ಮಧ್ಯಾಹ್ನದ ಕಲಿಕೆ.

ಕಲಿಯುವ ಮೊದಲು ನೂಲಿನ ಗುರುತು ಹಿಡಿಯಬೇಕು. ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂದು ಮಾರುವುದರಲ್ಲಿ ಬಹುಪಾಲು ಅಕ್ರಿಲಿಕ್. ಲೇಬಲ್ ಕಳೆದುಹೋದ ಉಂಡೆಯಿಂದ ಬೆರಳುದ್ದದ ಎಳೆಯನ್ನು ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲು ಪಕ್ಕದಲ್ಲಿಟ್ಟುಕೊಂಡು ಉರಿಗೆ ಒಡ್ಡಿ ನೋಡಿ. ಕೂದಲು ಸುಟ್ಟ ವಾಸನೆ ಬಂದು ತಾನೇ ಆರಿ ಪುಡಿಬೂದಿಯಾದರೆ ಉಣ್ಣೆ. ಕಾಗದ ಸುಟ್ಟ ವಾಸನೆಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ಇದೇಕೆ ಮುಖ್ಯವೆಂದರೆ, ಬಿಸಿನೀರಿನಲ್ಲಿ ಉಜ್ಜಿ ಒಗೆದಾಗ ಉಣ್ಣೆ ಕುಗ್ಗಿ ದಪ್ಪಗಟ್ಟುತ್ತದೆ, ಅಕ್ರಿಲಿಕ್ ಹಾಗೇ ಉಳಿಯುತ್ತದೆ. ಎರಡನ್ನೂ ಬೆರೆಸಿದ ಹೊದಿಕೆ ಮೊದಲ ಒಗೆತಕ್ಕೇ ಸೊಟ್ಟಗಾಗುತ್ತದೆ. ಅಕ್ರಿಲಿಕ್ ಮೇಲೆ ಬಿಸಿ ಇಸ್ತ್ರಿ ಇಟ್ಟರೆ ಅದರ ಪುಟಿತ ಸತ್ತುಹೋಗಿ ಜೋತುಬೀಳುತ್ತದೆ. ದಪ್ಪವೂ ಒಂದೇ ಇರಲಿ. ತೆಳು ನೂಲಾದರೆ ಎರಡೆಳೆ ಸೇರಿಸಿ ದಪ್ಪದ ಸಮಕ್ಕೆ ತನ್ನಿ.

ನಿಮ್ಮ ಬೀದಿಯಲ್ಲಿ, ಮಹಿಳಾ ಸಂಘದಲ್ಲಿ ಕಡ್ಡಿ ಹಿಡಿಯಬಲ್ಲವರು ಏಳು ಮಂದಿ ಸಿಕ್ಕರೂ ಸಾಕು. ತಲೆಗೆ ಐದರಂತೆ ಎಂಟಿಂಚಿನ ಚೌಕ ಮಾಡಿದರೆ 35 ಆಗುತ್ತವೆ, ಹಿರಿಯರೊಬ್ಬರ ಕಾಲು ಬೆಚ್ಚಗಿಡುವ ಹೊದಿಕೆ ಸಿದ್ಧವಾಗುತ್ತದೆ. ಎಳೆಗೂಸುಗಳಿಗೆ ಮಾತ್ರ ಈ ವಿನ್ಯಾಸ ಬೇಡ, ಸಂದುಗಳಲ್ಲಿ ಪುಟ್ಟ ಬೆರಳುಗಳು ಸಿಕ್ಕಿಕೊಳ್ಳುತ್ತವೆ. ಮಳೆಗಾಲದಲ್ಲಿ ಶುರು ಮಾಡಿದರೆ ಡಿಸೆಂಬರಿನ ಚಳಿಗೆ ಮುಗಿಯುತ್ತದೆ. ವೃದ್ಧಾಶ್ರಮಕ್ಕೆ ಕೊಡುವುದಾದರೆ ಅಲ್ಲಿ ಬಟ್ಟೆ ಒಗೆಯುವವರನ್ನು ಮೊದಲು ಕೇಳಿ. ಬಿಸಿನೀರಿನ ಮೆಷಿನ್ನಿಗೆ ಹಾಕುತ್ತೇವೆ ಎಂದರೆ ಉಣ್ಣೆಯ ಚೌಕಗಳನ್ನು ಬೇರೆ ತೆಗೆದಿಟ್ಟು, ಅಕ್ರಿಲಿಕ್‌ನವನ್ನಷ್ಟೇ ಜೋಡಿಸಿ ಕೊಡಿ.