ಡಾಲರ್‌ಗೆ ಹೆಸರು ಕೊಟ್ಟ ಪುಟ್ಟ ಊರು

'ಡಾಲರ್' ಎಂಬ ಹೆಸರಿನ ಮೂಲ ಇರುವುದು ಅಮೆರಿಕದಲ್ಲಲ್ಲ, ಜೆಕ್ ಗಣರಾಜ್ಯದ ಯಾಖಿಮೊವ್ ಎಂಬ ಊರಿನಲ್ಲಿ. ದೇಶದ ವಾಯವ್ಯ ಭಾಗದಲ್ಲಿ, ಜರ್ಮನಿಯ ಗಡಿಗೆ ಹತ್ತಿರ, ಬೆಟ್ಟಗಳ ನಡುವಿನ ಕಿರಿದಾದ ಕಣಿವೆಯಲ್ಲಿ ಅದು ಇದೆ. ಈ ಬೆಟ್ಟಸಾಲಿನ ಅತಿ ಎತ್ತರದ ಶಿಖರ ಕ್ಲೀನೊವೆಟ್ಸ್ (1,244 ಮೀಟರ್) ಪಕ್ಕದಲ್ಲೇ ಇದೆ.

ಬೆಳ್ಳಿ ಸಿಕ್ಕಿದ್ದರಿಂದ 1516ರಲ್ಲಿ ಊರು ಹುಟ್ಟಿತು. ಜರ್ಮನ್ ಭಾಷೆಯಲ್ಲಿ ಇದರ ಹೆಸರು ಯೊವಾಕಿಮ್ಸ್‌ಟಾಲ್. 'ಟಾಲ್' ಎಂದರೆ ಕಣಿವೆ. ಇಲ್ಲಿ ಟಂಕಿಸಿದ ಬೆಳ್ಳಿ ನಾಣ್ಯವನ್ನು ಜನ 'ಟಾಲರ್' ಎಂದರು. ಅದೇ ಮುಂದೆ 'ಡಾಲರ್' ಆಯಿತು. 1530ರ ದಶಕದಲ್ಲಿ ಸುಮಾರು 18,000 ಜನ ಇಲ್ಲಿದ್ದರು. ಬೆಳ್ಳಿ ಕಡಿಮೆಯಾದಂತೆ ಜನರೂ ಊರು ಬಿಟ್ಟರು. ಇಂದಿನ ಜನಸಂಖ್ಯೆ ಮೂರು ಸಾವಿರಕ್ಕೂ ಕಡಿಮೆ.

ಬೆಳ್ಳಿಯ ಜೊತೆ ಸಿಗುತ್ತಿದ್ದ ಕಪ್ಪು ಕಲ್ಲು ಪಿಚ್‌ಬ್ಲೆಂಡ್. ಅದರಲ್ಲಿರುವ ಯುರೇನಿಯಂ ಅನ್ನು ಗಾಜಿಗೆ ಬಣ್ಣ ಕೊಡಲು ಬಳಸಿ, ಉಳಿದದ್ದನ್ನು ಕಸವೆಂದು ಎಸೆಯುತ್ತಿದ್ದರು. 1898ರಲ್ಲಿ ಪೊಲೋನಿಯಂ ಮತ್ತು ರೇಡಿಯಂ ಇರುವುದನ್ನು ಪ್ರಕಟಿಸಿದ ಮೇರಿ ಕ್ಯೂರಿ ಮತ್ತು ಪಿಯರ್ ಕ್ಯೂರಿ, ಶುದ್ಧ ರೇಡಿಯಂ ಬೇರ್ಪಡಿಸಲು ತರಿಸಿಕೊಂಡದ್ದು ಈ ಕಸವನ್ನೇ. 1906ರಿಂದ ಇಲ್ಲಿನ ರೇಡಾನ್ ನೀರಿನ ಸ್ನಾನಚಿಕಿತ್ಸೆಯೂ ಆರಂಭವಾಯಿತು.

ಎರಡನೇ ಮಹಾಯುದ್ಧದ ನಂತರ ಸೋವಿಯತ್ ಒಕ್ಕೂಟದ ಅಣುಬಾಂಬಿಗೆ ಯುರೇನಿಯಂ ಬೇಕಾಯಿತು. ಕಮ್ಯುನಿಸ್ಟ್ ಸರ್ಕಾರ ತನ್ನನ್ನು ವಿರೋಧಿಸಿದ ಸಾವಿರಾರು ಜನರನ್ನು ಇಲ್ಲಿನ ಶಿಬಿರಗಳಲ್ಲಿ ಕೂಡಿಹಾಕಿ, ತಕ್ಕ ರಕ್ಷಣೆಯಿಲ್ಲದೆ ಗಣಿಗೆ ಇಳಿಸಿತು. ಅನೇಕರ ಆರೋಗ್ಯ ಹಾಳಾಯಿತು. ಕೆಲವರು ಜೀವಂತ ಮರಳಲಿಲ್ಲ.

2019ರಲ್ಲಿ ಈ ಗಣಿ ಪ್ರದೇಶ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಂದೇ ನೆಲ ನಾಣ್ಯವನ್ನೂ ವಿಜ್ಞಾನವನ್ನೂ ಸೆರೆಮನೆಯನ್ನೂ ಕಂಡಿತು. ಭೂಮಿಯೊಳಗಿನ ಸಂಪತ್ತು ನಮಗೆ ಒಪ್ಪಿಸಿದ ಅಮಾನತ್; ಅದು ಒಳಿತಾಗುವುದೋ ಕೆಡುಕಾಗುವುದೋ ಬಳಸುವ ಕೈಯಲ್ಲಿದೆ.